ಕಲ್ಲಿನ ಗಟ್ಟಿತನ, ಕೈಯ ಗಟ್ಟಿತನ

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದ ಮಾತೊಂದಿದೆ: ‘ಮನಸ್ಸು ಗಟ್ಟಿ ಮಾಡಿಕೋ.’ ಮದುವೆಯಾಗಿ ಹೊರಟು ನಿಂತಾಗ ಅವ್ವ ಉಡಿ ತುಂಬುತ್ತ ನನಗೆ ಈ ಮಾತು ಹೇಳಿದ್ದಳು. ಮೊದಲ ಬಸಿರು ನಿಲ್ಲದೆ ಹೋದಾಗ ಅತ್ತೆ ಹೇಳಿದ್ದರು. ೨೦೧೧ರಲ್ಲಿ ನನ್ನ ಯಜಮಾನರು ಒಂದು ಬೆಳಿಗ್ಗೆ ಎದೆನೋವೆಂದು ಕುರ್ಚಿಯಲ್ಲಿ ಕೂತವರು ಏಳದೇ ಹೋದಾಗ, ಓಣಿಯ ಹೆಂಗಸರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಕೈ ಹಿಡಿದು ಇದನ್ನೇ ಹೇಳಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಬೇರೆ ಏನು ಹೇಳಬೇಕೆಂದು ತಿಳಿಯದಾಗ ಮನುಷ್ಯರು ಹೇಳುವ ಮಾತು ಅದು.

ಎರಡು ವರ್ಷದ ಹಿಂದೆ ಅದೇ ಮಾತನ್ನು ನಾನು ನನ್ನ ಮಗಳಿಗೆ ಹೇಳಿದೆ. ಹೇಳಬಾರದ ಹೊತ್ತಿನಲ್ಲಿ ಹೇಳಿದೆ. ಆ ತಪ್ಪಿನ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಬರೆಯುವ ಮುನ್ನ ಅವಳನ್ನು ಕೇಳಿದ್ದೇನೆ. ‘ಬರಿ ಅವ್ವಾ, ಆದ್ರ ನನ್ನ ಹೆಸರು ಹಾಕಬ್ಯಾಡ’ ಎಂದಿದ್ದಾಳೆ.

ಶ್ರಾವಣ ಮಾಸದ ಒಂದು ಸಂಜೆ. ದೀಪ ಹಚ್ಚಿ ಕೂತಿದ್ದೆ. ಫೋನು ಬಂತು. ಮಗಳು ಮೊದಲು ಊಟದ ವಿಷಯ ಕೇಳಿದಳು, ಮಳೆಯ ವಿಷಯ ಕೇಳಿದಳು. ಆಮೇಲೆ ದನಿ ತಗ್ಗಿಸಿ, ‘ಅವ್ವಾ, ನಿನ್ನೆ ಮತ್ತ ಕೈ ಮಾಡಿದ್ರು’ ಎಂದಳು. ಆ ‘ಮತ್ತ’ ಎಂಬ ಶಬ್ದ ನನ್ನ ಕಿವಿಗೆ ಬಿತ್ತು. ಬಿದ್ದರೂ ಬೀಳದವಳಂತೆ ನಾನು, ‘ಸಿಟ್ಟಿನ ಮನುಷ್ಯ, ಏನೋ ಆಗಿರಬೇಕು. ಮನಸ್ಸು ಗಟ್ಟಿ ಮಾಡಿಕೋ ತಂಗಿ, ಎಲ್ಲಾ ಸರಿ ಆಗತದ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವಳು, ‘ಹೂಂ ಅವ್ವಾ. ರೊಟ್ಟಿ ಮಾಡೂದದ, ಇಡ್ತೀನಿ’ ಎಂದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳು ಅತ್ತಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ಅಳಲಿಲ್ಲ, ಎದುರಾಡಲಿಲ್ಲ, ‘ಹೂಂ’ ಎಂದಳು. ಸಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಜೊತೆ ಕಳೆದವಳು ನಾನು. ಮಗು ಯಾವಾಗ ಅರ್ಥವಾಗಿ ಹೂಂ ಎನ್ನುತ್ತದೆ, ಇನ್ನು ಕೇಳಿ ಉಪಯೋಗವಿಲ್ಲವೆಂದು ಯಾವಾಗ ಹೂಂ ಎನ್ನುತ್ತದೆ ಎಂಬುದು ನನಗೆ ಗೊತ್ತು. ಮಗಳದು ಎರಡನೆಯ ಹೂಂ.

ನಾನೇಕೆ ಹಾಗೆ ಹೇಳಿದೆ? ಹೆದರಿಕೆ ಇತ್ತು, ಮಂದಿ ಏನೆಂದಾರು ಎಂಬುದಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ನಾನು ಗಟ್ಟಿ ಹೆಂಗಸು ಎಂಬ ಒಂದು ಹೆಮ್ಮೆ ನನ್ನಲ್ಲಿತ್ತು. ನಾನು ತಾಳಿದ್ದೇನೆ, ಅವಳೂ ತಾಳಲಿ ಎಂಬ ಲೆಕ್ಕ.

ಆ ಹೆಮ್ಮೆ ಪೂರಾ ಸುಳ್ಳೂ ಆಗಿರಲಿಲ್ಲ. ಯಜಮಾನರು ಹೋದಾಗ ಮಗಳು ಪಿಯುಸಿಯಲ್ಲಿದ್ದಳು, ಮಗ ಎಂಟನೆಯ ಇಯತ್ತೆ. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸೋಮವಾರ ಸಾಲೆಗೆ ಹೋದೆ. ಬಸ್ಸಿನಲ್ಲಿ ಕಾಲು ನಡುಗುತ್ತಿತ್ತು. ತರಗತಿಗೆ ಹೋಗಿ ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿದೆ. ‘ಹಾಜರ್ ರೀ ಅಕ್ಕೋರ’ ಎಂದು ಒಂದೊಂದೇ ಮಗು ಎದ್ದು ನಿಂತಿತು. ಮೂವತ್ತೆಂಟು ಹೆಸರು ಕೂಗಿ ಮುಗಿಸುವಷ್ಟರಲ್ಲಿ ನನ್ನ ಕಾಲ ನಡುಕ ನಿಂತಿತ್ತು. ಅಂದು ನನ್ನನ್ನು ಎತ್ತಿ ನಿಲ್ಲಿಸಿದ್ದು ಯಾವ ತತ್ವಜ್ಞಾನವೂ ಅಲ್ಲ. ಆ ಮಕ್ಕಳಿಗೆ ಏಳರ ಮಗ್ಗಿ ಬರುತ್ತಿರಲಿಲ್ಲ, ಅದನ್ನು ಕಲಿಸಬೇಕಿತ್ತು, ಅಷ್ಟೆ.

ಅದೇ ವರ್ಷ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಿರಿಯ ಶಿಕ್ಷಕಿಯೊಬ್ಬಳು ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಳು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ೧೯೪೬ರಲ್ಲಿ ಪ್ರಕಟಿಸಿದ ಪುಸ್ತಕ. ಯಹೂದಿಯೆಂಬ ಒಂದೇ ಕಾರಣಕ್ಕೆ ೧೯೪೨ರಿಂದ ೧೯೪೫ರವರೆಗೆ ಹಿಟ್ಲರನ ಸೆರೆಶಿಬಿರಗಳಲ್ಲಿ ಕೊಳೆತ ಮನುಷ್ಯ ಆತ. ಹೆಂಡತಿ, ತಂದೆ, ತಾಯಿ, ಅಣ್ಣತಮ್ಮ ಎಲ್ಲರನ್ನೂ ಅಲ್ಲಿ ಕಳೆದುಕೊಂಡ. ತನಗಾಗಿ ಯಾವುದೋ ಒಂದು ಕೆಲಸ, ಯಾರೋ ಒಬ್ಬರು ಕಾದಿದ್ದಾರೆ ಎಂದು ತಿಳಿದವರಿಗೆ ಅಂಥ ನರಕದಲ್ಲೂ ಬದುಕಲು ಒಂದು ಹಿಡಿಕೆ ಸಿಗುತ್ತಿತ್ತು ಎಂಬುದು ಆತ ಕಂಡುಕೊಂಡದ್ದು. ಅರ್ಧ ತಿಳಿದು ಅರ್ಧ ತಿಳಿಯದೆ ಓದಿದರೂ ನನ್ನ ಹಾಜರಿ ಪುಸ್ತಕ ನೆನಪಾಗಿ ಕಣ್ಣು ತುಂಬಿ ಬಂತು. ಬಾಳಿಗೆ ಅರ್ಥ ಎಲ್ಲೋ ಬೆಟ್ಟದ ಮೇಲೆ ಇರುವುದಿಲ್ಲ, ನಮ್ಮ ಕೈ ಕಾಯುತ್ತಿರುವ ಕೆಲಸದಲ್ಲಿ ಇರುತ್ತದೆ ಎಂದು ಆಗ ಗಟ್ಟಿಯಾಗಿ ನಂಬಿದೆ. ಇಂದಿಗೂ ನಂಬುತ್ತೇನೆ.

ಆದರೆ ಯಜಮಾನರ ಸಾವು ಯಾರ ಕೈಯಲ್ಲೂ ಇರಲಿಲ್ಲ. ಮಗಳ ಕೆನ್ನೆಯ ಮೇಲೆ ಬಿದ್ದ ಪೆಟ್ಟು ಒಬ್ಬನ ಕೈಯಿಂದಲೇ ಬಿದ್ದದ್ದು. ಎರಡಕ್ಕೂ ನಾನು ಒಂದೇ ಔಷಧ ಕೊಟ್ಟಿದ್ದೆ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನನ್ನ ತವರೂರಿನ ಮಡಿವಾಳರ ಆಯಿಯಿಂದ.

ನನ್ನ ತವರು ದೇವರ ಹಿಪ್ಪರಗಿ. ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯ ಮೇಲಿನ ಊರು. ನಾನು ಹುಡುಗಿಯಾಗಿದ್ದಾಗ ಸಿಂದಗಿ ತಾಲೂಕಿಗೆ ಸೇರಿತ್ತು, ಈಗ ಅದೇ ತಾಲೂಕಿನ ಊರಾಗಿದೆ. ಸುತ್ತಲಿನವರಿಗೆ ರಾವುತರಾಯ ಮಲ್ಲಯ್ಯನ ಜಾತ್ರೆಯ ಊರೆಂದು ಗೊತ್ತು. ವಚನ ಓದಿದವರಿಗೆ ಮಡಿವಾಳ ಮಾಚಿದೇವ ಹುಟ್ಟಿದ ಊರೆಂದು ಗೊತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯೂ ಇಲ್ಲಿಂದ ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ಎರೆಮಣ್ಣಿನ ಸೀಮೆಯಿಂದ ಎದ್ದು ಕಲ್ಯಾಣಕ್ಕೆ ನಡೆದವರು ಇವರು.

ಆ ಫೋನು ಬಂದ ವಾರದಲ್ಲೇ ತಮ್ಮನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹಿಪ್ಪರಗಿಗೆ ಹೋಗಿದ್ದೆ. ಮನೆ ತುಂಬ ಮಂದಿ. ಎಲ್ಲರೂ ‘ಮಗಳು ಹೆಂಗದಾಳ?’ ಎಂದು ಕೇಳುವವರೇ. ‘ಆರಾಮ ಅದಾಳ’ ಎಂದು ಹೇಳಿ ಹೇಳಿ ನಾಲಿಗೆ ಕಹಿಯಾಯಿತು. ಮಧ್ಯಾಹ್ನ ಯಾರಿಗೂ ಹೇಳದೆ ಎದ್ದು ಮಡಿವಾಳರ ಓಣಿಯ ಕಡೆ ನಡೆದೆ.

ಆಯಿ ನಮ್ಮ ಮನೆಯ ಅರಿವೆ ಒಗೆಯುತ್ತಿದ್ದವಳು. ಈಗ ಎಂಬತ್ತು ದಾಟಿದೆ. ಮೊಮ್ಮಗ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಕಣ್ಣು ಮಂಜಾಗಿವೆ. ದನಿಯಿಂದಲೇ ಗುರುತು ಹಿಡಿದು, ‘ಬರ್ರಿ ಅಕ್ಕೋರ, ಬರ್ರಿ. ಸಾಲಿ ಸೂಟಿ ಏನ?’ ಎಂದು ನಕ್ಕಳು. ನಿವೃತ್ತಳಾದೆ ಎಂದರೆ, ‘ಹಂಗಾರ ಇನ್ನ ನಮ್ಮಂಗ ಕಟ್ಟಿ ಮ್ಯಾಲ ಕುಂಡರೂದು’ ಎಂದಳು.

ನನ್ನ ಬಾಲ್ಯದ ನೆನಪುಗಳಲ್ಲಿ ಆಯಿಗೆ ದೊಡ್ಡ ಜಾಗವಿದೆ. ಹಿತ್ತಲ ಬಾಗಿಲಿಗೆ ಬಂದು ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು. ಮುಂದಿನ ಬಾಗಿಲಿಗೆ ಬರುವಂತಿರಲಿಲ್ಲ. ಅವ್ವ ರೊಟ್ಟಿಯನ್ನು ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದಳು. ಅದು ತಪ್ಪೆಂದು ಆಗ ಯಾರಿಗೂ ಹೊಳೆಯಲಿಲ್ಲ. ಇವತ್ತು ನೆನೆದರೆ ತಲೆ ತಗ್ಗುತ್ತದೆ. ನಮ್ಮ ಮೈಯ ಕೊಳೆಯನ್ನು ಕೈಯಾರೆ ತೆಗೆಯುವವಳ ಕೈ ನಮಗೆ ತಾಗಬಾರದು, ಎಂಥ ಲೆಕ್ಕ ನೋಡಿ.

ಅವಳ ಕೆಲಸ ನೋಡುವುದೆಂದರೆ ನನಗೆ ಇಷ್ಟ. ಮಾಸಿದ ಅರಿವೆಯನ್ನು ಸವಳು ಮಣ್ಣಿನ ನೀರಿನಲ್ಲಿ ನೆನೆಹಾಕಿ, ದೊಡ್ಡ ಹರವಿಯ ಮೇಲೆ ಪೇರಿಸಿ ಉಬ್ಬೆ ಹಾಕುತ್ತಿದ್ದಳು. ರಾತ್ರಿಯೆಲ್ಲ ಹಬೆಯಲ್ಲಿ ಬೆಂದ ಅರಿವೆಯನ್ನು ಮುಂಜಾನೆ ಹಳ್ಳಕ್ಕೆ ಒಯ್ಯುತ್ತಿದ್ದಳು. ಹತ್ತಾರು ಮನೆಯ ಬಟ್ಟೆ ಒಂದೇ ಗಂಟಿನಲ್ಲಿದ್ದರೂ ಒಂದೂ ಅದಲುಬದಲಾಗುತ್ತಿರಲಿಲ್ಲ. ಮೂಲೆಯಲ್ಲಿ ಕೇರುಕಾಯಿಯ ರಸದಿಂದ ಹಾಕಿದ ಚಿಕ್ಕ ಗುರುತು ಇರುತ್ತಿತ್ತು. ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದಕ್ಕೆ ಒಂದು ಗೀಟು. ಓದು ಬಾರದ ಆಯಿ ಆ ಗುರುತುಗಳನ್ನು ನಾನು ಪಾಟಿ ಓದಿದಂತೆ ಓದುತ್ತಿದ್ದಳು.

ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಯಾಕೋ ಅವಳೆದುರು ‘ಆರಾಮ ಅದಾಳ’ ಎನ್ನಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕೊನೆಗೆ, ‘ನಾ ಏನ್ ಮಾಡ್ಲಿ ಆಯಿ? ಮನಸ್ಸು ಗಟ್ಟಿ ಮಾಡಿಕೋ ಅಂದೀನಿ. ಒಗಿಯೂ ಕಲ್ಲಿನಂಗ ಇರು ಅಂತ ನಮ್ಮವ್ವ ನನಗೂ ಅಂತಿದ್ದಳು’ ಎಂದೆ.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಕಲ್ಲಿಗೆ ಜೀವ ಇಲ್ಲವ್ವಾ, ಅದಕ್ಕ ಅದು ಬಡಿಸಿಕೊಂಡು ಸುಮ್ಮನಿರತೈತಿ. ನಿನ್ನ ಮಗಳು ಕಲ್ಲೇನು? ಐವತ್ತು ವರ್ಷ ಹಳ್ಳದಾಗ ನಿಂತು ಒಗದೀನಿ. ಗಟ್ಟಿ ಆಗಿದ್ದು ನನ್ನ ಕೈ. ಕಲ್ಲು ವರ್ಷಾ ವರ್ಷಾ ಸವೀತು.’

ಹೇಳಿ ತನ್ನ ಅಂಗೈಯನ್ನು ನನ್ನ ಮುಂದೆ ಹಿಡಿದಳು. ಜಡ್ಡುಗಟ್ಟಿದ ಕೈ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕೈಯನ್ನು ಹಿಡಿದೆ.

ಆಮೇಲೆ ಅವಳು ೧೯೭೨ರ ಬರದ ಮಾತು ತೆಗೆದಳು. ನನಗಾಗ ಎಂಟು ವರ್ಷ. ನಮ್ಮ ಭಾಗದಲ್ಲಿ ಮಳೆ ಕೈಕೊಟ್ಟು, ಹಗೇವಿನ ಜೋಳ ತೀರಿ, ರೈತರ ಹೆಣ್ಣುಮಕ್ಕಳೂ ಬರಗಾಲದ ಕಾಮಗಾರಿಗೆ ಹೋಗಿ ರಸ್ತೆಗೆ ಕಲ್ಲು ಒಡೆದ ವರ್ಷ. ನನ್ನ ಅವ್ವನೂ ಹೋಗಿದ್ದಳು. ಸರಕಾರ ಕೊಟ್ಟ ಕೆಂಪು ಜೋಳದ ರೊಟ್ಟಿ ಮುರಿದು ಮುರಿದು ಬೀಳುತ್ತಿದ್ದುದು ನನಗೆ ಇನ್ನೂ ನೆನಪಿದೆ. ಹಳ್ಳ ಬತ್ತಿತ್ತು. ಆಯಿ ಗಂಟು ಹೊತ್ತು ದೂರದ ಬಾವಿಗೆ ಹೋಗಬೇಕಾಗಿತ್ತು. ಮಡಿವಾಳರಿಗೆ ಸುಗ್ಗಿಯಲ್ಲಿ ಸಿಗುವ ಆಯದ ಕಾಳು ಆ ವರ್ಷ ಇಲ್ಲ. ಅಂಥದ್ದರಲ್ಲಿ ಊರಿನ ಒಂದು ದೊಡ್ಡ ಮನೆಯಲ್ಲಿ, ಧೋತರದ ಕಲೆ ಹೋಗಿಲ್ಲವೆಂದು ಹಿರಿಯನೊಬ್ಬ ಒದ್ದೆ ಧೋತರವನ್ನೇ ಆಯಿಯ ಮುಖಕ್ಕೆ ಎಸೆದು ಹೊಲಸು ಬೈದನಂತೆ. ಆಯಿ ಅದನ್ನು ಎತ್ತಿ ಹಿಂಡಿ, ಮಡಚಿ, ಕಟ್ಟೆಯ ಮೇಲಿಟ್ಟು ಬಂದಳು. ಮತ್ತೆ ಆ ಮನೆಗೆ ಹೋಗಲಿಲ್ಲ.

‘ಬರದ ವರ್ಷ, ಮನ್ಯಾಗ ಮೂರು ಹುಡುಗರು. ಹೆದರಿಕಿ ಆಗಲಿಲ್ಲೇನು ಆಯಿ?’

‘ಆತು. ಯಾಕ ಆಗೂದಿಲ್ಲ? ಊರಾಗ ಯಾರೂ ಅರಿವಿ ಹಾಕಲಿಲ್ಲ ಅಂದ್ರ ಏನ್ ಮಾಡೂದು ಅಂತ ರಾತ್ರಿ ಅತ್ತೀನಿ. ಆದ್ರ ಅರಿವಿ ಒಗಿಯೂದು ನನ್ನ ಕಾಯಕ. ಬೈಗುಳ ತಿನ್ನೂದು ನನ್ನ ಕಾಯಕ ಅಲ್ಲ. ನಮ್ಮಪ್ಪ ಮಾಚಿದೇವರೂ ಎಲ್ಲಾರ ಅರಿವಿ ಒಗಿಲಿಲ್ಲ. ಯಾರದು ಒಗೀಬೇಕು, ಯಾರದು ತಿರುಗಿ ಕೊಡಬೇಕು ಅನ್ನೂದು ಅವರಿಗೆ ಗೊತ್ತಿತ್ತು.’

ಅಲ್ಲಿಂದ ಎದ್ದು ಬರುವಾಗ ಮಾಚಿದೇವನನ್ನು ನಾನು ಇಷ್ಟು ದಿನ ಹೇಗೆ ನೋಡಿದ್ದೆ ಎಂದು ಯೋಚಿಸಿದೆ. ಪ್ರತಿ ವರ್ಷ ಫೆಬ್ರುವರಿ ೧ರಂದು ಆತನ ಜಯಂತಿ. ಸಾಲೆಯಲ್ಲಿ ನಾನೇ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಶರಣರ ಬಟ್ಟೆ ಒಗೆದ ವಿನಯವಂತ, ಸೇವೆಯ ಮೂರ್ತಿ ಎಂದು ಹೇಳಿ ಕೆಳಗಿಳಿದಿದ್ದೇನೆ. ಆದರೆ ಜನರ ಬಾಯಲ್ಲಿ, ಪುರಾಣಗಳಲ್ಲಿ ಉಳಿದ ಮಾಚಿದೇವ ಬರೀ ವಿನಯದ ಮನುಷ್ಯನಲ್ಲ. ‘ವೀರ ಗಣಾಚಾರಿ’ ಎಂದೇ ಆತನ ಹೆಸರು. ಸತ್ಯಶುದ್ಧವಾಗಿ ದುಡಿದು ಬದುಕುವವರ ಬಟ್ಟೆಯನ್ನಷ್ಟೇ ಒಗೆಯುತ್ತಿದ್ದ ಎನ್ನುತ್ತಾರೆ. ಕೊಡುವವನು ನಾನು ಎಂಬ ಅಹಂಕಾರ ಬಸವಣ್ಣನಂಥ ಬಸವಣ್ಣನಲ್ಲಿ ಇಣುಕಿದಾಗ ಅದನ್ನು ಎತ್ತಿ ತೋರಿಸಿದವನು ಈತ ಎಂದು ಕತೆ ಇದೆ. ಕಲ್ಯಾಣದಲ್ಲಿ ಗಲಭೆಯೆದ್ದು ಶರಣರು ಚದುರಿದಾಗ, ಬೆನ್ನಟ್ಟಿದ ಸೈನ್ಯಕ್ಕೆ ಎದುರು ನಿಂತು ಶರಣರನ್ನೂ ವಚನದ ಕಟ್ಟುಗಳನ್ನೂ ಕಾಪಾಡಿದವರ ಮುಂದಾಳಾಗಿದ್ದನೆಂದೂ ಹೇಳುತ್ತಾರೆ. ಮಂತ್ರಿಗೆ ‘ಇದು ತಪ್ಪು’ ಎನ್ನಬಲ್ಲ ಧೈರ್ಯ ಒಬ್ಬ ಅಗಸನಿಗೆ ಎಲ್ಲಿಂದ ಬಂತು? ದಿನಾ ತಾನು ಮಾಡುವ ಕೆಲಸದ ಬೆಲೆ ಆತನಿಗೆ ತಿಳಿದಿತ್ತು. ಅಲ್ಲಿಂದಲೇ ಬಂದಿರಬೇಕು.

ಶರಣೆಯರಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇಂಥವಳೇ. ಗಂಡ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು. ಸಾಲೆಯಲ್ಲಿ ಇದನ್ನು ‘ದುರಾಸೆ ಬೇಡ’ ಎಂಬ ಪಾಠವಾಗಿ ಹೇಳಿಕೊಡುತ್ತೇವೆ. ಸರಿಯೇ. ಆದರೆ ಗಂಡ ತಂದದ್ದನ್ನು ಗಂಡನ ಕೈಯಲ್ಲೇ ತಿರುಗಿ ಕಳಿಸುವ ಹೆಂಡತಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಆ ಗುಡಿಸಲಿನಲ್ಲಿ ಬಡತನವಿತ್ತು, ಆದರೆ ಅವಳ ಮಾತಿಗೆ ಬೆಲೆ ಇತ್ತು. ನಮ್ಮ ಎಷ್ಟು ಮನೆಗಳಲ್ಲಿ ಅದಿದೆ?

ಊರಿಂದ ಬಂದ ಮೇಲೆ ಫ್ರಾಂಕಲ್‌ನ ಪುಸ್ತಕವನ್ನು ಮತ್ತೆ ತೆಗೆದೆ. ಹನ್ನೆರಡು ವರ್ಷದ ಹಿಂದೆ ಓದಿದಾಗ ಕಣ್ಣಿಗೆ ಬೀಳದ ಒಂದು ವಿಚಾರ ಈಗ ಸಿಕ್ಕಿತು. ತಪ್ಪಿಸಲಾಗದ ನೋವಿನಲ್ಲೂ ಮನುಷ್ಯ ಅರ್ಥ ಕಾಣಬಲ್ಲ, ಆದರೆ ಅರ್ಥ ಕಾಣಲು ನೋವೇ ಬೇಕೆಂದಿಲ್ಲ, ನೋವನ್ನು ತಪ್ಪಿಸಲು ಸಾಧ್ಯವಿದ್ದರೆ ಅದರ ಕಾರಣವನ್ನು ತೆಗೆದುಹಾಕುವುದೇ ಅರ್ಥಪೂರ್ಣವಾದ ಕೆಲಸ ಎಂದು ಆತ ಸ್ಪಷ್ಟವಾಗಿ ಹೇಳುತ್ತಾನೆ. ಬೇಡದ ನೋವನ್ನು ಸುಮ್ಮನೆ ಹೊರುವುದನ್ನು ಆತ ವೀರತನವೆಂದು ಕರೆಯುವುದಿಲ್ಲ. ಸೆರೆಶಿಬಿರದಿಂದ ಬದುಕಿ ಬಂದವನು ಹೇಳಿದ ಮಾತಿದು. ನಾನು ಪುಸ್ತಕದ ನನಗೆ ಬೇಕಾದ ಅರ್ಧವನ್ನು ಮಾತ್ರ ಓದಿದ್ದೆ.

ರೋಮನ್ನರ ಕಾಲದಲ್ಲಿ ಎಪಿಕ್ಟೆಟಸ್ ಎಂಬ ತತ್ವಜ್ಞಾನಿ ಇದ್ದ. ಹುಟ್ಟಿನಿಂದ ಗುಲಾಮ. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರ್ಪಡಿಸಿ ನೋಡುವುದೇ ಬದುಕಿನ ಮೊದಲ ಪಾಠ ಎಂಬುದು ಅವನ ಬೋಧನೆ. ಕೇಳಲು ಸುಲಭ. ಆದರೆ ಹೆಣ್ಣುಮಕ್ಕಳಾದ ನಮಗೆ ಈ ಬೇರ್ಪಡಿಸುವ ಕೆಲಸವನ್ನು ಬೇರೆಯವರೇ ಮಾಡಿಟ್ಟಿರುತ್ತಾರೆ. ಗಂಡನ ಸಿಟ್ಟು ನಿನ್ನ ಕೈಯಲ್ಲಿದೆ, ನೀನು ಸರಿಯಾಗಿದ್ದರೆ ಅವನು ಸರಿಯಾಗಿರುತ್ತಾನೆ ಎನ್ನುತ್ತಾರೆ. ನಿನ್ನ ದುಡಿಮೆಯ ಹಣ, ನೀನು ಎಲ್ಲಿಗೆ ಹೋಗಬೇಕು, ಯಾವಾಗ ಬರಬೇಕು, ಇವು ನಿನ್ನ ಕೈಯಲ್ಲಿಲ್ಲ ಎನ್ನುತ್ತಾರೆ. ಪಟ್ಟಿ ಪೂರಾ ತಿರುವುಮುರುವು. ಆಯಿ ಕೇರುಕಾಯಿಯ ಗುರುತು ನೋಡಿ ‘ಇದು ಯಾರ ಮನೆಯ ಅರಿವೆ’ ಎಂದು ತಿಳಿಯುತ್ತಿದ್ದಳಲ್ಲ, ಹಾಗೆ ನಾವೂ ದಿನಕ್ಕೊಮ್ಮೆ ಕೂತು ನೋಡಬೇಕು. ಈ ಚಿಂತೆ ಯಾರದು? ಈ ನಾಚಿಕೆ ಯಾರದು? ಹೊಡೆದವನು ಪಡಬೇಕಾದ ನಾಚಿಕೆಯನ್ನು ಹೊಡೆಸಿಕೊಂಡವಳು, ಅವಳ ತಾಯಿ, ತವರಿನವರೆಲ್ಲ ಸೇರಿ ತಮ್ಮ ಗಂಟಿಗೆ ಕಟ್ಟಿಕೊಂಡು ಒಗೆಯುತ್ತ ಕೂತಿರುತ್ತೇವೆ. ನಮ್ಮದಲ್ಲದ ಕೊಳೆ ಎಷ್ಟು ಒಗೆದರೂ ಹೋಗುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಮ್ಮ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನು ನಾನು ಎಷ್ಟೋ ಮುಂಜಾವು ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳಿದ್ದೇನೆ. ಅವರ ಅಂಗಿಗೆ ಜೇಬಿರಲಿಲ್ಲ. ೨೦೧೮ರಲ್ಲಿ ಬಂದ ಪದ್ಮಶ್ರೀಯನ್ನು ಬೇಡವೆಂದರು. ತಮ್ಮ ಹೆಸರಲ್ಲಿ ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟು, ೨೦೨೩ರ ಜನವರಿ ೨ರಂದು ಹೊರಟುಹೋದರು. ಬೇಕುಗಳು ಕಡಿಮೆಯಾದಷ್ಟೂ ಅಂಜಿಕೆ ಕಡಿಮೆ ಎಂಬುದನ್ನು ಬದುಕಿ ತೋರಿಸಿದವರು. ಅವರನ್ನು ನೆನೆದರೆ ಇವತ್ತಿಗೂ ಮನಸ್ಸು ತಣ್ಣಗಾಗುತ್ತದೆ.

ಆದರೆ ಗೆಳತಿಯರೆ, ಅವರು ಜೇಬನ್ನು ತಾವಾಗಿ ಬಿಟ್ಟವರು. ನಮ್ಮ ಸೀರೆಗೆ ಜೇಬೇ ಇಲ್ಲ. ಬಿಡುವುದಕ್ಕೂ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಬಸ್ಸಿನ ಚಾರ್ಜಿಗೂ ಕೈ ಚಾಚಬೇಕಾದ ಹೆಣ್ಣುಮಗಳಿಗೆ ‘ಆಸೆ ಬಿಡು, ನೆಮ್ಮದಿ ಸಿಗುತ್ತದೆ’ ಎಂದು ಉಪದೇಶಿಸಿದರೆ ಅದು ವೈರಾಗ್ಯದ ಪಾಠವಾಗುವುದಿಲ್ಲ, ಬಾಗಿಲಿಗೆ ಹಾಕಿದ ಚಿಲಕವಾಗುತ್ತದೆ. ಒಳಗಿನ ಬಲ ಬೆಳೆಯುವುದಕ್ಕೆ ಹೊರಗೂ ಒಂದಿಷ್ಟು ಆಸರೆ ಬೇಕು. ಬಳ್ಳಿ ಎಷ್ಟೇ ಜೀವ ಹಿಡಿದಿದ್ದರೂ ಅದಕ್ಕೊಂದು ಕೋಲು ನೆಟ್ಟುಕೊಡುತ್ತೇವಲ್ಲ, ಹಾಗೆ. ಸ್ವಂತ ಹೆಸರಿನ ಬ್ಯಾಂಕ್ ಪುಸ್ತಕ, ಕೈಯಲ್ಲೊಂದು ಕೆಲಸ, ರಾತ್ರಿ ಹನ್ನೆರಡಕ್ಕೆ ಫೋನು ಮಾಡಿದರೂ ಎತ್ತುವ ಒಬ್ಬ ಗೆಳತಿ, ತೆರೆದಿರುವ ತವರಿನ ಬಾಗಿಲು. ಇವನ್ನೆಲ್ಲ ಲೌಕಿಕ ಎಂದು ಬದಿಗಿಟ್ಟು ಆತ್ಮಬಲದ ಮಾತಾಡುವುದು ನನಗೀಗ ಒಗ್ಗುವುದಿಲ್ಲ. ಕೌಟುಂಬಿಕ ಹಿಂಸೆಯ ವಿರುದ್ಧ ೨೦೦೫ರಲ್ಲಿ ಕಾಯ್ದೆಯಾಗಿದೆ. ೨೦೦೬ರಿಂದ ಅದು ಜಾರಿಯಲ್ಲಿದೆ. ಹೊಡೆತ ಅಷ್ಟೇ ಅಲ್ಲ, ಹೀಯಾಳಿಸುವುದು, ಖರ್ಚಿಗೆ ಕೊಡದೆ ಕಾಡಿಸುವುದೂ ಅದರ ಪ್ರಕಾರ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಆ ಕಾಯ್ದೆ ಹೆಣ್ಣಿಗೆ ಕೊಡುತ್ತದೆ. ೧೮೧ ಎಂಬ ಸಂಖ್ಯೆಗೆ ಫೋನು ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ. ಟೀಚರಾಗಿದ್ದ ನನಗೇ ಇದರಲ್ಲಿ ಅರ್ಧ ಗೊತ್ತಿರಲಿಲ್ಲ. ಏಕಾದಶಿ ಯಾವಾಗ ಬರುತ್ತದೆಂದು ಗೊತ್ತಿತ್ತು.

ಹಾಗಾದರೆ ತಾಳ್ಮೆಗೆ ಬೆಲೆಯೇ ಇಲ್ಲವೆ? ಇದೆ. ಬರಗಾಲದಲ್ಲಿ ನನ್ನ ಅವ್ವ ಕಲ್ಲು ಒಡೆದು ನಮ್ಮನ್ನು ಸಾಕಿದ್ದು ತಾಳ್ಮೆಯಿಂದಲೇ. ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡದ್ದು ನನಗೆ ಭಾರವಾಗಿತ್ತು, ಆದರೆ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ನಾನು ಈಗ ನನಗೇ ಹಾಕಿಕೊಳ್ಳುವ ಪ್ರಶ್ನೆ ಇಷ್ಟೆ: ಈ ತಾಳ್ಮೆಯಿಂದ ಯಾರಿಗಾದರೂ ಒಳ್ಳೆಯದಾಗುತ್ತಿದೆಯೆ? ಅವ್ವನ ತಾಳ್ಮೆಯಿಂದ ನಮ್ಮ ಹೊಟ್ಟೆ ತುಂಬಿತು. ನನ್ನ ತಾಳ್ಮೆಯಿಂದ ಅತ್ತೆ ಮರ್ಯಾದೆಯಿಂದ ಕಣ್ಣು ಮುಚ್ಚಿದರು. ನನ್ನ ಮಗಳು ಪೆಟ್ಟು ತಾಳಿಕೊಂಡರೆ ಯಾರಿಗೆ ಒಳ್ಳೆಯದು? ಅವಳಿಗಂತೂ ಇಲ್ಲ. ಹೊಡೆಯುವವನಿಗೂ ಇಲ್ಲ, ಅವನ ಕೈ ಇನ್ನಷ್ಟು ಸಡಿಲವಾಗುತ್ತದೆ. ಮೂರು ವರ್ಷದ ಮೊಮ್ಮಗಳು ಬಾಗಿಲ ಸಂದಿಯಿಂದ ನೋಡುತ್ತಿರುತ್ತಾಳೆ. ಹೆಣ್ಣೆಂದರೆ ಹೀಗಿರಬೇಕು ಎಂದು ಅವಳು ಕಲಿಯುತ್ತಾಳೆ. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು.

ಹಿಪ್ಪರಗಿಯಿಂದ ಬಂದ ರಾತ್ರಿಯೇ ಮಗಳಿಗೆ ಫೋನು ಮಾಡಿದೆ. ‘ಮೊನ್ನೆ ನಾ ಹೇಳಿದ್ದು ತಪ್ಪಾತು. ಏನಾಗೇದ ಮೊದಲಿಂದ ಹೇಳು. ನಾ ನಡುವ ಬಾಯಿ ಹಾಕೂದಿಲ್ಲ’ ಎಂದೆ. ಮೊದಲು ಅವಳು ನಂಬಲಿಲ್ಲ. ‘ಯಾಕವ್ವಾ, ಯಾರರ ಏನರ ಅಂದ್ರೇನು?’ ಎಂದು ಕೇಳಿದಳು. ಆಮೇಲೆ ಹೇಳತೊಡಗಿದಳು. ಎರಡು ತಾಸು ಹೇಳಿದಳು. ನಾಲ್ಕು ವರ್ಷದ ಮಾತು. ಅದರಲ್ಲಿ ಎಷ್ಟೋ ಸಂಗತಿಗಳನ್ನು ಹಿಂದೆ ನನಗೆ ಸುಳಿವಿನಲ್ಲಿ ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ ಎಂಬುದು ಆಗ ತಿಳಿಯಿತು. ಕೊನೆಗೆ ನಾನು, ‘ಬಾಗಿಲು ತೆರದದ. ಬರೂದು ಬಿಡೂದು ನಿನಗ ಬಿಟ್ಟದ್ದು’ ಎಂದೆ. ಬಾ ಎಂದು ಆಜ್ಞೆ ಮಾಡಿದರೆ ಅದೂ ಅವಳ ಮನಸ್ಸನ್ನು ನಾನು ಆಳಿದಂತೆ ಎಂದು ಅನ್ನಿಸಿತು.

ಹನ್ನೊಂದು ದಿನದ ಮೇಲೆ ಅವಳು ಮಗುವನ್ನು ಕರೆದುಕೊಂಡು ಬಂದಳು. ಓಣಿಯಲ್ಲಿ ಮಾತು ಹುಟ್ಟಿತು. ಬೀಗರು ಬಂದರು, ಹಿರಿಯರು ಕೂತರು, ಎರಡು ಸಲ ಚಹಾ ಆಯಿತು. ಒಬ್ಬ ಹಿರಿಯರು ನನ್ನ ಕಡೆ ತಿರುಗಿ, ‘ನೀವು ಶ್ಯಾಣ್ಯಾರಿದ್ದೀರಿ, ಮಗಳಿಗೆ ಧೈರ್ಯ ಹೇಳ್ರಿ’ ಎಂದರು. ‘ಅಕಿ ಧೈರ್ಯದಿಂದನ ಬಂದಾಳ್ರಿ’ ಎಂದೆ. ದೊಡ್ಡ ಮಾತಲ್ಲ, ಆದರೆ ಅದನ್ನು ಹೇಳುವಾಗ ನನ್ನ ಕಾಲು ಆ ಸೋಮವಾರ ಬಸ್ಸಿನಲ್ಲಿ ನಡುಗಿದಂತೆಯೇ ನಡುಗುತ್ತಿತ್ತು. ಗಟ್ಟಿ ಹೆಂಗಸರ ಕಾಲೂ ನಡುಗುತ್ತವೆ, ಅದಕ್ಕೇನೂ ನಾಚಬೇಕಿಲ್ಲ.

ಕತೆ ಇನ್ನೂ ಮುಗಿದಿಲ್ಲ. ಮಗಳು ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಳೆ. ಸಂಬಳ ಸಣ್ಣದು. ಅಳಿಯ ಆಗಾಗ ಮಗುವನ್ನು ನೋಡಲು ಬರುತ್ತಾನೆ. ಮುಂದೆ ಕೂಡಿ ಬಾಳುತ್ತಾರೋ ಬೇರೆಯಾಗುತ್ತಾರೋ ನನಗೆ ಗೊತ್ತಿಲ್ಲ. ‘ಕೈ ಮಾಡೂದಿಲ್ಲ ಅಂತ ಬರೇ ಬಾಯಿಲೆ ಹೇಳಿದ್ರ ಸಾಲದು, ನಾ ನೋಡತೀನಿ’ ಎಂದು ಮಗಳು ಅವನ ಎದುರೇ ಹೇಳಿದ್ದಾಳೆ. ಕೆಲವು ರಾತ್ರಿ ಅವಳು ಅಳುವುದು ಕೇಳಿಸುತ್ತದೆ. ಎದ್ದು ಹೋಗಿ ಪಕ್ಕದಲ್ಲಿ ಕೂಡುತ್ತೇನೆ. ಉಪದೇಶ ಮಾಡುವುದಿಲ್ಲ. ಮುಂಜಾನೆ ಎದ್ದು ಅವಳು ಮರುದಿನದ ಪಾಠ ತಯಾರು ಮಾಡುತ್ತಾಳೆ, ಮಗುವಿಗೆ ಜಡೆ ಹಾಕುತ್ತಾಳೆ, ಎಂಟೂವರೆಯ ಬಸ್ಸು ಹಿಡಿಯುತ್ತಾಳೆ. ನನ್ನ ಹಾಜರಿ ಪುಸ್ತಕ ನನಗೆ ಮಾಡಿದ್ದನ್ನು ಅವಳ ಮಕ್ಕಳು ಅವಳಿಗೆ ಮಾಡುತ್ತಿದ್ದಾರೆ.

ಹೋದ ಯುಗಾದಿಗೆ ಮೂವರೂ ಹಿಪ್ಪರಗಿಗೆ ಹೋಗಿದ್ದೆವು. ಆಯಿ ಮಗಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಸವರಿ ನೋಡಿ, ‘ಇನ್ನಾ ಮೆತ್ತಗೈತಿ. ಆಗತೈತಿ, ಆಗತೈತಿ’ ಎಂದು ನಕ್ಕಳು. ಮಗಳೂ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಳು.

ಈಗಲೂ ಯಾರಾದರೂ ಹೆಣ್ಣುಮಕ್ಕಳು ಬಂದು ತಮ್ಮ ಕಷ್ಟ ಹೇಳಿಕೊಂಡರೆ ಆ ಹಳೆಯ ಮಾತು ತಾನಾಗಿಯೇ ನನ್ನ ನಾಲಿಗೆಯ ತುದಿಗೆ ಬರುತ್ತದೆ. ಅರವತ್ತು ವರ್ಷದ ರೂಢಿ ಎರಡು ವರ್ಷದಲ್ಲಿ ಹೋಗುತ್ತದೆಯೆ? ಬಂದಾಗ ನುಂಗಿಕೊಳ್ಳುತ್ತೇನೆ. ಒಂದು ತಂಬಿಗೆ ನೀರು ಕೊಟ್ಟು, ಎದುರಿಗೆ ಕೂತು, ‘ಏನಾತು, ಹೇಳು’ ಎನ್ನುತ್ತೇನೆ.